ಎಮ್ಮೆ ಮಾಡಿದವರು ಯಾರು

ಚನ್ನಪಟ್ಟಣ
ಶನಿವಾರ, 3 ಮಾರ್ಚ್ 2007

ನಯನಾಳ ಅಪ್ಪನಿಗೆ ರಾಧಾಮಣಿಯ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಈಗ ಎಲ್ಲರೂ ಎಂದರೆ ಇಬ್ಬರೇ. ನಯನಾ ಚೆನ್ನಾಗಿದ್ದಾಳೆ. ನನ್ನ ವಿಷಯ ಮುಂದೆ ಬರುತ್ತದೆ. ಬೈರಾಪಟ್ಟಣವೇನು ದೇಶಾಂತರವೇ, ಬಸ್ಸು ಹತ್ತಿ ಬರಬಾರದಿತ್ತೇ ಎಂದು ಅತ್ತೆ ಕೇಳಿದರೆ, ನಿಮ್ಮ ಸೊಸೆಗೆ ಮುಖ ತೋರಿಸುವ ಧೈರ್ಯವಿಲ್ಲ ಎಂದು ಹೇಳಿ. ನನ್ನ ಬಾಯಿ ನಿಮಗೆ ಗೊತ್ತು. ಎದುರಿಗೆ ಬಂದರೆ ಎರಡನೆಯ ಮಾತಿಗೇ ಜಗಳ ತೆಗೆದು, ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟಿ, ಕೊನೆಗೆ ಅಳುತ್ತಾ ಕೂತುಬಿಡುತ್ತೇನೆ. ಕಾಗದದ ಮೇಲಾದರೆ ನನ್ನನ್ನು ನಾನೇ ಹಿಡಿದು ನಿಲ್ಲಿಸಬಹುದೇನೋ ಎಂದು ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಮುಕ್ತಿಯಾರ್ ಬಂದಿದ್ದ. ಪಕ್ಕದ ಅಂಗಡಿಯವನಾದರೂ ಮನೆಯ ತಮ್ಮನ ಹಾಗೆ ಅಡುಗೆಮನೆ ಬಾಗಿಲವರೆಗೆ ಬರುವವನು, ನಿನ್ನೆ ಹೊಸಿಲಾಚೆಯೇ ನಿಂತ. "ಅಕ್ಕಾ, ಅಣ್ಣ ಬೊಂಬೆ ಕಡೆಯೋ ಮಿಷನ್ ನನಗೇ ಕೊಟ್ಬುಡ್ತೀನಿ ಅಂತವ್ರೆ. ನನ್ ಕೈಗೆ ಬುದ್ಧಿ ಇಲ್ಲ ಕಣ್ಲಾ, ಸೋಮವಾರದಿಂದ ಬಿಡದಿಗೆ ಹೊಂಟೆ ಅಂದ್ರು. ಬ್ಯಾಡ ಅಂತ ನೀವಾದ್ರೂ ಒಸಿ ಹೇಳಿ" ಎಂದ. ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ. ಬಿಡದಿಯ ಕಾರ್ಖಾನೆಗೆ ಸೇರಿ, ತಿಂಗಳ ಸಂಬಳ ಬರುತ್ತದೆ, ಯೂನಿಫಾರ್ಮ್ ಇರುತ್ತದೆ, ಎಂದು ನಿಮ್ಮ ಬೆನ್ನು ಹತ್ತಿದ್ದವಳು ನಾನೇ ಅಲ್ಲವೇ. ಈಗ ಸೇರುತ್ತೇನೆ ಎನ್ನುತ್ತಿದ್ದೀರಿ. ನೆಮ್ಮದಿಯಾಗಬೇಕಿತ್ತು, ಆದರೆ ಕಾಫಿಗೆ ಸಕ್ಕರೆ ಹಾಕುವುದನ್ನೂ ಮರೆತಿದ್ದೆ. ಪಾಪ ಅವನು ಸುಮ್ಮನೆ ಕುಡಿದು ಹೋದ.

ಬುಧವಾರದ್ದನ್ನು ಬರೆಯದೆ ಬೇರೆ ದಾರಿಯಿಲ್ಲ. ವಿಜ್ಞಾನ ದಿನಕ್ಕೆ ಪ್ರಾಣಿಯ ಆಕಾರದ ರಾಕೆಟ್ ಹಾರಿಸಬೇಕು, ಮದ್ದಿನ ಕೊಳವೆಯನ್ನು ಬೆಂಗಳೂರಿನ ಸಂಘದವರು ಕೊಡುತ್ತಾರೆ ಎಂದು ಹೆಡ್‌ಮಾಸ್ಟರು ಹೇಳಿದಾಗ, ವಿಜ್ಞಾನ ಮೇಡಂ ಎಂದು ಕೆಲಸ ನನ್ನ ಮೇಲೆ ಬಿತ್ತು. ನಾನು ಗಿಳಿ ಮಾಡೋಣ ಎಂದೆ. ನೀವು ಅನ್ನದ ತಟ್ಟೆ ಮುಂದೆಯೇ ನಕ್ಕುಬಿಟ್ಟಿರಿ. "ಗಿಣಿಗೆ ಹಾರೋದು ಗೊತ್ತಲ್ಲಮ್ಮಿ, ಅದನ್ನ ನಾವೇನ್ ಹಾರ್ಸೋದು? ಎಮ್ಮೆ ಹಾರ್ಬೇಕು" ಎಂದಿರಿ. ನಯನಾ ಆ ರಾತ್ರಿಯೆಲ್ಲ ಎಮ್ಮೆ ಎಮ್ಮೆ ಎಂದು ಕುಣಿದಳು.

ಎಂಥ ಎಮ್ಮೆ ಮಾಡಿದಿರಿ! ಹೊಟ್ಟೆಗೆ ರಟ್ಟಿನ ಕೊಳವೆ, ಮೂತಿಗೆ ನೀವು ಬೊಂಬೆ ಕಡೆಯುವ ಹಾಲೆ ಮರ. ಕೊಂಬು ಗಾಳಿಗೆ ಅಡ್ಡ ಬರಬಾರದೆಂದು ಹಿಂದಕ್ಕೆ ಮಲಗಿಸಿದಿರಿ, ನಮ್ಮ ಎಮ್ಮೆಗಳಿಗಿರುವುದೂ ಹಾಗೆಯೇ. ನಾಲ್ಕು ಕಾಲನ್ನೂ ಬಾಲದ ಸುತ್ತ ಹರಡಿ ರೆಕ್ಕೆಯ ಹಾಗೆ ನಿಲ್ಲಿಸಿ, ಒಂದೊಂದಕ್ಕೂ ಬೆಣೆ ಹೊಡೆದು ಗೋಂದು ಹಾಕಿದಿರಿ. ಅರಗು ಹಾಕಬಾರದಾ ಎಂದು ಮುಕ್ತಿಯಾರ್ ಕೇಳಿದ್ದಕ್ಕೆ, "ಬಾಲದಲ್ಲಿ ಬೆಂಕಿ ಇರ್ತದೆ ಕಣ್ಲಾ, ಅರಗು ಕರಗೋಗಲ್ವಾ" ಎಂದಿರಿ. ಆ ಮಾತನ್ನು ನಾನೂ ಕೇಳಿಸಿಕೊಂಡಿದ್ದೆ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಬುಧವಾರ ಬೆಳಿಗ್ಗೆ ನೀವು ಸ್ನಾನಕ್ಕೆ ಹೋಗಿದ್ದಾಗ ಎಮ್ಮೆಯನ್ನು ನಾನು ಕೈಗೆತ್ತಿಕೊಂಡೆ. ಗೂಡಿನಲ್ಲಿರುವ ಬಿಂದಿಗೆ ಬ್ಯಾಂಡಿನ ಬೊಂಬೆಗಳ ಮುಂದೆ ಇಟ್ಟು ನೋಡಬೇಕು ಎನ್ನಿಸಿತು, ಅಷ್ಟು ಚೆಂದ ಇತ್ತು. ಕೈಜಾರಿ ನೆಲಕ್ಕೆ ಬಿತ್ತು. ಹಿಂದಿನ ಎಡಗಾಲು ಬೆಣೆಯ ಸಮೇತ ಮುರಿದು ಬಂತು. ಬಚ್ಚಲಲ್ಲಿ ನೀವು ನೀರು ಹುಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ಕೂಗಿ ಹೇಳಿದ್ದರೆ ನೀವು ಇನ್ನೊಂದು ಕಾಲನ್ನೇ ಕಡೆದು ಕೂರಿಸುತ್ತಿದ್ದಿರಿ. ನಾನು ಕೂಗಲಿಲ್ಲ. ನಮ್ಮ ಕೇರಿಯಲ್ಲಿ ಕುಂಕುಮದ ಭರಣಿ ಮುಚ್ಚಳ ಸೀಳಲಿ, ತೊಟ್ಟಿಲ ಗಿಲಕಿ ಕಳಚಲಿ, ಹೆಂಗಸರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ನಿಮ್ಮ ಬುಟ್ಟಿಯಿಂದ ಕಪ್ಪು ಅರಗಿನ ಕಡ್ಡಿ ತೆಗೆದು ಒಲೆಗೆ ಹಿಡಿದು, ಕಾಲನ್ನು ಅಂಟಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸಿದೆ. ಗುರುತೇ ಸಿಗಲಿಲ್ಲ. ಉಷ್ಣಕ್ಕೆ ಯಾವ ವಸ್ತು ಏನಾಗುತ್ತದೆ ಎಂದು ಎಂಟನೇ ಕ್ಲಾಸಿಗೆ ವರ್ಷವರ್ಷವೂ ಪಾಠ ಮಾಡುವವಳು ನಾನು.

ಹೌದು, ಅದು ನಾನೇ. ನಿಮ್ಮ ಬೆಣೆ ಬಿಟ್ಟುಕೊಳ್ಳಲಿಲ್ಲ, ನಿಮ್ಮ ಗೋಂದು ಕೈಕೊಡಲಿಲ್ಲ. ಮುಖ್ಯ ಅತಿಥಿಗಳು ತಡವಾಗಿ ಬಂದರು, ಎಮ್ಮೆ ಮಟಮಟ ಬಿಸಿಲಲ್ಲಿ ಮೇಜಿನ ಮೇಲೆ ಕೂತಿತ್ತು. ನೆರಳಿಗಿಡೋಣ ಎಂದು ನೀವು ಬಂದಾಗ, ಅತಿಥಿಗಳ ಕಣ್ಣಿಗೆ ಬೀಳಲಿ ಬಿಡಿ ಎಂದು ತಡೆದವಳೂ ನಾನು. ಬತ್ತಿಗೆ ಬೆಂಕಿ ತಗುಲಿದಾಗ ಅದು ಹುಣಸೆಮರದ ತುದಿ ದಾಟಿ ನೆಟ್ಟಗೆ ಎದ್ದಿತ್ತಲ್ಲ, ಮಕ್ಕಳು ಕಿರುಚಿದ್ದು ಹೈವೇಗೂ ಕೇಳಿಸಿರಬೇಕು. ಆಗ ನಿಮ್ಮ ಮುಖ ನೋಡಿದೆ. ಮದುವೆಯಲ್ಲೂ ನೀವು ಹಾಗೆ ನಕ್ಕಿರಲಿಲ್ಲ. ಅಷ್ಟರಲ್ಲಿ ಎಡಗಾಲು ಕಳಚಿತು. ಎಮ್ಮೆ ಗಿರಕಿ ಹೊಡೆದು, ಶಾಮಿಯಾನ ಹರಿದುಕೊಂಡು ಬಂದು ಅತಿಥಿಗಳ ಮುಂದಿನ ಕೇಸರಿಬಾತಿನಲ್ಲಿ ಮೂತಿ ಊರಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅತಿಥಿಗಳೂ ಕನ್ನಡಕ ಒರೆಸಿಕೊಳ್ಳುತ್ತಾ ನಕ್ಕರು. "ಯಾರ್ರೀ ಈ ಎಮ್ಮೆ ಮಾಡಿದವರು?" ಎಂದು ಕೇಳಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ನೀವು ಕಂಬದ ಪಕ್ಕದಲ್ಲಿ ನಿಂತು ನನ್ನ ಕಡೆ ನೋಡಿದಿರಿ. ನಾನು, "ಯಾರೋ ಬೊಂಬೆ ಕೆಲಸದವನು ಸರ್, ಕೂಲಿಗೆ ಕರೆಸಿದ್ವಿ. ಅವನಿಗೇನು ಗೊತ್ತಾಗುತ್ತೆ" ಎಂದೆ.

ಆ ಮಾತು ಹೇಗೆ ಬಂತು ಎಂದು ಕೇಳಿದರೆ ದೊಡ್ಡವರ ಮುಂದೆ ಗಾಬರಿಯಾಯಿತು ಎನ್ನಬೇಕು. ನಿಮ್ಮನ್ನು ಅವನು ಎಂದೆ. ನೀವು ಹೆಗಲ ಮೇಲಿನ ಟವೆಲು ತೆಗೆದು, "ತಪ್ಪಾಯ್ತು ಸಾ" ಎಂದು ಕೈ ಮುಗಿದು, ಎಮ್ಮೆಯ ಚೂರುಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಗೇಟಿನ ಕಡೆ ನಡೆದಿರಿ. ನಾನು ಮೈಕ್ ಹಿಡಿದು ವಂದನಾರ್ಪಣೆ ಮಾಡಿದೆ. ಹೂವಿನ ಹಾರ ತಂದವರಿಗೂ ಕುರ್ಚಿ ಜೋಡಿಸಿದವರಿಗೂ ಧನ್ಯವಾದ ಹೇಳಿದೆ. ಸಂಜೆ ಮನೆಗೆ ಬಂದಾಗ, ಅವ್ವನ ಹುಳುಮನೆಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಲು ಜನವಿಲ್ಲವಂತೆ ಎಂದು ನೀವು ಹೊರಟು ನಿಂತಿದ್ದಿರಿ. ಬೈದಿದ್ದರೆ ಚೆನ್ನಾಗಿತ್ತು. ಉಂಡು ಹೋಗಿ ಎಂದೆ. "ಹಸಿವಿಲ್ಲ ರಾಧಾ" ಎಂದಿರಿ, ಮೆತ್ತಗೆ. ಆ ಮೆತ್ತಗಿನ ಮಾತು ನೆನೆದರೆ ನೆಲ ಬಾಯಿಬಿಡಬಾರದೇ ಎನ್ನಿಸುತ್ತದೆ.

ನನಗೆ ನಾಚಿಕೆಯಾಗುತ್ತಿದೆ. ನೀವು ಬಿಡದಿಗೆ ಸೇರುವುದಾದರೆ ಸೇರಿ, ಪ್ಯಾಕಿಂಗ್ ವಿಭಾಗದ ಕೆಲಸವೂ ಕೆಲಸವೇ, ಇನ್ನು ನಾನು ಹೋಗು ಎನ್ನುವುದಿಲ್ಲ, ಬೇಡ ಎನ್ನುವುದಿಲ್ಲ. ಆದರೆ ಕೈಗೆ ಬುದ್ಧಿಯಿಲ್ಲ ಎಂದುಕೊಂಡು ಮಾತ್ರ ಸೇರಬೇಡಿ. ಬುದ್ಧಿ ಇಲ್ಲದ್ದು ಯಾವ ಕೈಗೆ ಎಂದು ಬರೆದಾಯಿತು. ಮಿಷನ್ನಿನ ಮಾತನ್ನು ಸದ್ಯಕ್ಕೆ ನಿಲ್ಲಿಸು ಎಂದು ಮುಕ್ತಿಯಾರನಿಗೆ ಹೇಳಿದ್ದೇನೆ. ನಾಳೆ ಬೆಳಿಗ್ಗೆ ಈ ಕಾಗದ ಅವನ ಕೈಯಲ್ಲೇ ಬರುತ್ತದೆ. ಓದಿ ಹರಿದು ಹಾಕಬೇಡಿ, ಅತ್ತೆಗೂ ಓದಿ ಹೇಳಿ. ನಾಲ್ಕು ಜನರ ಮುಂದೆ ಆಡಿದ ಮಾತಿಗೆ ನಿಮ್ಮೊಬ್ಬರ ಕಿವಿಯಲ್ಲಿ ತಪ್ಪೊಪ್ಪಿಕೊಂಡರೆ ಏನು ಬಂತು.

ಇಂತಿ ನಿಮ್ಮ,
ರಾಧಾಮಣಿ

ತಾ.ಕ.: ಗಾಬರಿಯಾಯಿತು ಎಂದು ಮೇಲೆ ಬರೆದದ್ದು ಸುಳ್ಳು. ಅತಿಥಿಗಳು ಬಂದದ್ದು ಅದೇ ಬಿಡದಿ ಕಾರ್ಖಾನೆಯಿಂದ. ನಾನು ಈ ಶಾಲೆಗೆ ಸೇರಿದಾಗಿನಿಂದ ಸ್ಟಾಫ್ ರೂಮಿನಲ್ಲಿ, ನಮ್ಮ ಯಜಮಾನರು ಅಲ್ಲಿ ಸೂಪರ್‌ವೈಸರ್ ಎಂದು ಹೇಳಿಕೊಂಡು ಬಂದಿದ್ದೇನೆ. ನೀವು ಸೇರಿಬಿಟ್ಟರೆ ಸುಳ್ಳು ಅರ್ಧವಾದರೂ ನಿಜವಾಗುತ್ತದೆಂದು ನಿಮ್ಮ ಬೆನ್ನು ಹತ್ತಿದ್ದು. ಇವತ್ತು ಬೆಳಿಗ್ಗೆ ಎಲ್ಲರೂ ಕೂತಿದ್ದಾಗ ಎದ್ದು ನಿಂತು, ಎಮ್ಮೆ ಮಾಡಿದವರು ನನ್ನ ಗಂಡ, ಬೊಂಬೆ ಕೆಲಸದವರು ಎಂದು ಹೇಳಿದೆ. ಯಾರೂ ಬೆರಗಾಗಲಿಲ್ಲ. ಕನ್ನಡದ ಚಿಕ್ಕಲಕ್ಷ್ಮಮ್ಮ ಮೇಡಂ ನನ್ನ ಕೈ ಹಿಡಿದು ಕೂರಿಸಿದರು. ಹೋದ ದೀಪಾವಳಿಗೆ ಮೊಮ್ಮಗುವಿಗೆ ಬೊಂಬೆ ಕೊಳ್ಳಲು ಅವರು ನಮ್ಮ ಅಂಗಡಿಗೆ ಬಂದಿದ್ದರಂತೆ. ನೀವು ರಾಧಾಮಣಿ ಯಜಮಾನರಲ್ಲವೇ, ಬಿಡದಿಯಲ್ಲಿ ಕೆಲಸ ಅಂದಿದ್ದರಲ್ಲ ಎಂದು ಕೇಳಿದರಂತೆ. ನೀವು ಮಿಷನ್ ನಿಲ್ಲಿಸಿ, ಮೊಣಕೈವರೆಗೂ ಅರಗಿನ ಕೆಂಪು ಬಳಿದುಕೊಂಡೇ, "ಹೌದು ಮೇಡಂ, ಬಿಡದೀಲೇ. ಇವತ್ತು ರಜಾ. ಇದು ನಮ್ ತಮ್ಮನ ಅಂಗಡಿ, ಸುಮ್ನೆ ಕುಂತಿವ್ನಿ" ಎಂದಿರಂತೆ.