ಗಂಜಿಯ ಜೊತೆ ಒಂದು ಮಾತ್ರೆ

ಮಾನ್ಯ ಪರೀಕ್ಷಾ ನಿಯಂತ್ರಕರೇ,

ಆಸ್ಪತ್ರೆ ಸಿಬ್ಬಂದಿಗೆ ತಾವು ನಡೆಸುವ ಇಂಗ್ಲಿಷ್ ಪರೀಕ್ಷೆಯಲ್ಲಿ ನಾಜಿಶ್ ಎಂಬ ವಾರ್ಡ್ ಸಹಾಯಕಿ ಎರಡು ಅಂಕಗಳಿಂದ ಫೇಲಾಗಿದ್ದಾಳೆ. ಮೂರನೆಯ ಸಲ, ಅಂದರೆ ಕೊನೆಯ ಸಲ. ಮೂವತ್ತನೇ ತಾರೀಕಿನಿಂದ ಅವಳನ್ನು ರೋಗಿಗಳ ಬಳಿಯಿಂದ ಎತ್ತಿ ನೆಲಮಾಳಿಗೆಯ ಲಾಂಡ್ರಿಗೆ ಹಾಕುತ್ತಾರೆ. ಅಲ್ಲಿ ಬೆಡ್‌ಶೀಟುಗಳೊಂದಿಗೆ ಅವಳು ಯಾವ ಭಾಷೆಯಲ್ಲಾದರೂ ಮಾತಾಡಬಹುದು, ತಮ್ಮ ಅಭ್ಯಂತರವಿರಲಾರದು.

ತಮ್ಮ ಪ್ರಶ್ನೆಪತ್ರಿಕೆಯನ್ನು ನಾನು ಭಕ್ತಿಯಿಂದ ಓದಿದ್ದೇನೆ. ಮೊದಲ ಭಾಗದಲ್ಲಿ ಬೆಕ್ಕು ಎಲ್ಲಿದೆ ಎಂದು ಕೇಳಿದ್ದೀರಿ. ಆನ್ ದ ಸೋಫಾ, ಅಂಡರ್ ದ ಟೇಬಲ್, ಬಿಸೈಡ್ ದ ವಿಂಡೋ. ನಾಜಿಶ್ ಎಲ್ಲ ಸರಿ ಬರೆದಿದ್ದಾಳೆ. ವಾರ್ಡಿನ ಯಾವ ಮಂಚದ ಕೆಳಗೆ ಯಾವ ಪಾತ್ರೆಯಿದೆ ಎಂದು ಕತ್ತಲಲ್ಲೂ ಹೇಳಬಲ್ಲವಳಿಗೆ ಒಂದು ಬೆಕ್ಕು ಯಾವ ಲೆಕ್ಕ? ಎಡವಿದ್ದು ಹದಿನೆಂಟನೇ ಪ್ರಶ್ನೆಯಲ್ಲಿ: ಮಾತ್ರೆ ಬೇಡವೆನ್ನುವ ವೃದ್ಧ ರೋಗಿಗೆ ಏನು ಹೇಳುವಿರಿ? ತಮ್ಮ ಕೀ ಉತ್ತರ: ‘ಯು ಮಸ್ಟ್ ಟೇಕ್ ದಿಸ್ ಟ್ಯಾಬ್ಲೆಟ್ ಆಫ್ಟರ್ ಫುಡ್.’ ಅವಳು ಬರೆದದ್ದು: ‘ಕುಡ್ ಯು ಟೇಕ್ ದಿಸ್ ವಿತ್ ಯುವರ್ ಗಂಜಿ, ಅಂಕಲ್?’ ಮೂರಕ್ಕೆ ಸೊನ್ನೆ.

ಆ ಅಂಕಲ್ ನಾನೇ, ಸ್ವಾಮಿ.

ಹೋದ ವರ್ಷ ಫ್ರೇಜರ್ ಟೌನಿನ ಆಸ್ಪತ್ರೆಯೊಂದರಲ್ಲಿ ಬಲ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದೆ. ಹಿರಿಯ ನರ್ಸ್ ಬಂದು ‘ಮಸ್ಟ್’ ಎಂದರು. ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಕೂತು ಪಾಲಿಸಿದಾರರಿಗೆ ಅದೇ ಪದ ಬರೆದು ಕಳಿಸಿದವನು ನಾನು. ನನಗೇ ಹೇಳಿದಾಗ ಗೋಡೆಗೆ ಮುಖ ಮಾಡಿ ಮಲಗಿದೆ. ಆಮೇಲೆ ನಾಜಿಶ್ ಸ್ಟೂಲ್ ಎಳೆದುಕೊಂಡು ಕೂತಳು.

“ಅಂಕಲ್, ಗಂಜಿ ಜೊತೆ ತಗೊಳ್ಳಕ್ಕಾಗುತ್ತಾ?”

“ಆಗಲ್ಲಮ್ಮ.”

“ಪರ್ವಾಗಿಲ್ಲ ಬಿಡಿ. ಆಂಟಿಗೆ ಫೋನ್ ಹಾಕ್ತೀನಿ, ಅವ್ರೇ ಬಂದು ಕೊಡ್ಲಿ.”

ನನ್ನ ಹೆಂಡತಿ ರಮಾಮಣಿಯನ್ನು ತಾವು ಬಲ್ಲವರಲ್ಲ. ಮಾತ್ರೆ ನುಂಗಿದೆ. ಗಂಜಿ ಬರುವವರೆಗೂ ಕಾಯಲಿಲ್ಲ.

ಆ ಋಣಕ್ಕೆ ಪ್ರತಿ ಭಾನುವಾರ ಅವಳನ್ನು ನಮ್ಮ ಕಾಕ್ಸ್ ಟೌನ್ ಮನೆಗೆ ಕರೆಸಿ ಪಾಠ ಹೇಳಿದೆ. ಮಸ್ಟ್ ಅಂದರೆ ಅಪ್ಪಣೆ, ಶುಡ್ ಬುದ್ಧಿವಾದ, ಕುಡ್ ವಿನಂತಿ. ಅವಳು ಪೆನ್ನಿನ ತುದಿ ಕಚ್ಚುತ್ತ ಕೇಳಿದಳು: “ದೊಡ್ಡೋರಿಗೆ ಮಸ್ಟ್ ಅಂತ ಹೆಂಗನ್ನೋದು ಅಂಕಲ್? ನಮ್ಮನೇಲಿ ಹಂಗಂದ್ರೆ ಅಮ್ಮಿ ಬಾಯ್ಮೇಲೆ ಹೊಡೀತಾರೆ.”

“ಹೊಡೆಸ್ಕೋಬೇಡ. ವಾರ್ಡಲ್ಲಿ ನನಗೆ ಹೇಳ್ದಂಗೇ ಬರಿ,” ಎಂದೆ, ಮಹಾಪಂಡಿತನಂತೆ.

ಬರೆದಳು. ಫೇಲಾದಳು. ಫಲಿತಾಂಶ ಬಂದ ದಿನ ಸ್ವೀಟ್ ಬನ್ ತಂದು, “ನಿಮ್ದೇನೂ ತಪ್ಪಿಲ್ಲ ಅಂಕಲ್,” ಎಂದಳು. ಬನ್ ಪಕ್ಕಕ್ಕಿಟ್ಟು ಅರ್ಜಿ ಬರೆಯಲು ಕೂತೆ.

ಮಾತ್ರೆ ನುಂಗುವುದು ಐಚ್ಛಿಕವಲ್ಲ ಎಂದು ತಾವು ವಾದಿಸಬಹುದು. ಒಪ್ಪಿದೆ. ಆದರೆ ಗೆದ್ದ ವಾಕ್ಯ ಯಾವುದು, ಮಾತ್ರೆಯನ್ನು ಗಂಟಲಿನಿಂದ ಇಳಿಸಿದ್ದೋ, ಕೀ ಉತ್ತರದಲ್ಲಿ ಉಳಿದದ್ದೋ? ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದರೆ ತಮ್ಮ ಕಚೇರಿಯಿಂದ ಬಂದ ಉತ್ತರ: ‘ಮೇ ಬಿ ಕನ್ಸಿಡರ್ಡ್ ಇನ್ ಡ್ಯೂ ಕೋರ್ಸ್.’ ಆಹಾ! ಆಗಲೂಬಹುದು, ಯಾವಾಗಲೋ. ರೋಗಿಗೆ ಮಸ್ಟ್, ತಮಗೆ ಮಾತ್ರ ಮೇ?

ನನ್ನ ಬೇಡಿಕೆ ಇಷ್ಟೆ. ಆ ‘ಮೇ’ ಹೊಡೆದು ‘ವಿಲ್’ ಎಂದು ಬರೆಯಿರಿ; ‘ಇನ್ ಡ್ಯೂ ಕೋರ್ಸ್’ ಹೊಡೆದು ‘ಬಿಫೋರ್ ದ ಥರ್ಟಿಯತ್’ ಎಂದು ಬರೆಯಿರಿ. ಆ ಉತ್ತರಪತ್ರಿಕೆಯನ್ನು ಒಂದು ಸಲವಾದರೂ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದವರಿಂದ ಓದಿಸಿ. ಮುಂದಿನ ತಿಂಗಳು ನನ್ನ ಎಡ ಮೊಣಕಾಲಿನ ಸರದಿ. ಅದೇ ವಾರ್ಡ್. ಸ್ಟೂಲ್ ಅಲ್ಲೇ ಇರುತ್ತದೆ.

ಇಂತಿ,
ಹದಿನೆಂಟನೇ ಪ್ರಶ್ನೆಯಲ್ಲಿ ನಿಜವಾಗಿ ಫೇಲಾದ
ಕೃಷ್ಣಸ್ವಾಮಿ, ಕಾಕ್ಸ್ ಟೌನ್