ಹಳ್ಳಕ್ಕೆ ಇಳಿಯುವ ದಾರಿ

ಬೇವಿನಹಳ್ಳ, ಕೂಡ್ಲಿಗಿ ತಾಲ್ಲೂಕು
ತಾ. 12-3-1986, ಬುಧವಾರ

ಪ್ರೀತಿಯ ಮಗ ಶೇಖಾವಲಿಗೆ ನಿನ್ನ ಅಬ್ಬಾನ ಸಲಾಂ ಮತ್ತು ದುವಾ.

ಹೊಸಪೇಟೆಯಲ್ಲಿ ನೀನು, ಸೊಸೆ ಹಮೀದಾ, ಕೂಸು ಎಲ್ಲರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಕೂಸಿಗೆ ಹಲ್ಲು ಬರುತ್ತಿವೆ, ಮೈ ಬೆಚ್ಚಗಾಗುತ್ತಿದೆ ಎಂದು ಬರೆದಿದ್ದೆ. ಹೆದರಬೇಡಿ. ನಿನಗೂ ಹಾಗೇ ಆಗಿ, ನಿನ್ನ ಅಮ್ಮ ಊರಿಗೆಲ್ಲ ಕೇಳುವಂತೆ ಅತ್ತಿದ್ದಳು. ನೀನು ಮಾತ್ರ ನನ್ನ ಸ್ಪ್ಯಾನರ್ ಕಚ್ಚಿಕೊಂಡು ನಗುತ್ತಿದ್ದೆ. ನಿನ್ನ ಸೊಂಟನೋವು ಹೇಗಿದೆ? ಲಾರಿ ಸೀಟಿನ ಮೇಲೆ ಗೋಣಿಚೀಲ ಮಡಚಿ ಹಾಕಿಕೋ ಎಂದರೆ ಕೇಳುವವನಲ್ಲ ನೀನು. ನನ್ನ ಮೊಣಕಾಲು ಹಾಗೇ ಇದೆ. ಆದರೂ ಯಾರಾದರೂ ಪಂಪ್‌ಸೆಟ್ ಕೆಟ್ಟಿದೆ ಎಂದು ಕರೆದರೆ ಹೋಗದೆ ಇರಲಾಗುವುದಿಲ್ಲ.

ನಿನ್ನ ಕಾಗದ ಬಂದು ಮೂರ್ನಾಲ್ಕು ದಿನವಾಯಿತು. ಸಾಹುಕಾರರು ನಿನ್ನನ್ನು ನಮ್ಮೂರ ಕಡೆಯ ಲೋಡಿಗೆ ಹಾಕಿದ್ದಾರೆ, ಹದಿನೇಳನೇ ತಾರೀಖು ಸೋಮವಾರದಿಂದ ಹಳ್ಳದ ಮರಳು ತುಂಬಲು ಬರುತ್ತೀ, ಇನ್ನು ಮೇಲೆ ಮಧ್ಯಾಹ್ನದ ಊಟ ನನ್ನ ಜೊತೆಗೇ ಎಂದು ಸಂತೋಷದಿಂದ ಬರೆದಿದ್ದೀ. ಹೊಸದಾಗಿ ಕೊಟ್ಟ ಲಾರಿ ಹಳೆಯದು, ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ ಎಂದೂ ಬರೆದಿದ್ದೀ. ನಾನು ಆ ಕಾಗದವನ್ನು ಓದಿ ಸಂತೋಷಪಡಲಿಲ್ಲ. ಯಾಕೆ ಎಂದು ಬರೆಯಲೇಬೇಕು, ಬರೆಯದಿದ್ದರೆ ನಾನು ನಿನ್ನ ತಂದೆಯಲ್ಲ.

ನೀನು ಊರು ಬಿಟ್ಟ ಮೇಲೆ ಹಳ್ಳವನ್ನು ನೋಡಿಲ್ಲ. ನೀನು ಕಂಡಾಗ ಈ ದಂಡೆಯಿಂದ ಆ ದಂಡೆಯವರೆಗೆ ಬಿಳಿ ಮರಳಿತ್ತು. ಬೇಸಿಗೆಯಲ್ಲಿ ಹೆಂಗಸರು ಅದರಲ್ಲಿ ಗುಂಡಿ ತೋಡಿ, ಒರತೆಯ ನೀರು ಊರುವವರೆಗೆ ಕುಳಿತು ಹರಟೆ ಹೊಡೆದು, ತೆಂಗಿನ ಚಿಪ್ಪಿನಿಂದ ಮೊಗೆದು ಮೊಗೆದು ಕೊಡ ತುಂಬುತ್ತಿದ್ದರು. ಈಗ ಆ ಮರಳು ಲಾರಿ ಹತ್ತಿ ಪಟ್ಟಣಗಳ ಮನೆಗಳಾಗಿದೆ. ಕೆಳಗಿನ ಜೇಡಿ ಮಣ್ಣು ಬಾಯಿ ಬಿಟ್ಟಿದೆ. ಹೋದ ಮುಂಗಾರಿನಲ್ಲಿ ಬಂದ ನೀರು ನಿಲ್ಲಲು ಜಾಗವಿಲ್ಲದೆ ಕಣ್ಣೆದುರೇ ಓಡಿಹೋಯಿತು. ಬಾವಿಗಳಲ್ಲಿ ವರ್ಷ ವರ್ಷ ಪೈಪು ಉದ್ದ ಮಾಡಿ ಕೊಡುತ್ತಿದ್ದವನು ನಾನೇ. ಈಗ ಎಷ್ಟು ಉದ್ದ ಮಾಡಿದರೂ ಪಂಪು ಗಾಳಿಯನ್ನೇ ಎಳೆಯುತ್ತದೆ. ರಿಪೇರಿಗೆ ಕರೆದವರಿಗೆ, ಎಂಜಿನ್ ಕೆಟ್ಟಿಲ್ಲ, ನೀರೇ ಇಲ್ಲ ಎಂದು ಹೇಳಿ ಸಾಮಾನಿನ ಚೀಲ ಹೊತ್ತು ತಿರುಗಿ ಬರುತ್ತೇನೆ.

ನಿನ್ನ ಅಮ್ಮ ತೀರಿಕೊಂಡ ದಿನ ನೆನಪಿದೆಯಾ? ಕೊನೆಯ ಸ್ನಾನಕ್ಕೆ ನೀರು ಬೇಕು ಎಂದಾಗ ನೀನು ಯಾರ ಮಾತೂ ಕೇಳದೆ ಹಳ್ಳಕ್ಕೆ ಓಡಿದೆ. ಬೋರಿನ ನೀರು ಅಮ್ಮನಿಗೆ ಸೇರುತ್ತಿರಲಿಲ್ಲ, ಒರತೆಯದೇ ಬೇಕು ಎಂದು ಅಳುತ್ತಾ ಮರಳು ತೋಡಿದೆ. ನಿನ್ನ ಜೊತೆ ತೋಡಿದವಳು ಹಿಂದಿನ ಓಣಿಯ ದುರುಗಮ್ಮ. ಆ ಜಾಗದಲ್ಲಿ ಈಗ ಲಾರಿ ತಿರುಗಿಸುತ್ತಾರೆ. ನಾನು ಆ ಕಡೆ ಹೋದರೆ ಸುತ್ತು ಹಾಕಿಕೊಂಡು ಹೋಗುತ್ತೇನೆ, ಅದರ ಮೇಲೆ ಕಾಲಿಡಲು ಮನಸ್ಸಾಗುವುದಿಲ್ಲ.

ಸುಗ್ಗಿ ಮುಗಿಯುತ್ತಿದ್ದಂತೆ ಊರವರೆಲ್ಲ ಸೇರಿ ಶ್ರಮದಾನಕ್ಕೆ ಇಳಿದೆವು. ಮುಂದೆ ನಿಂತವನು ಬಾವಿ ತೋಟದ ಜಂಬಣ್ಣ. ಮೇಲಿನ ಗುಡ್ಡದ ಕೊರಕಲುಗಳಿಗೆ ಕಲ್ಲಿನ ಒಡ್ಡು ಕಟ್ಟಿದೆವು, ಮುಂದಿನ ಮಳೆಗೆ ಹೊಸ ಮರಳು ಬಂದು ನಿಲ್ಲಲಿ ಎಂದು. ದಂಡೆಗೆ ಹೊಂಗೆ, ಲಕ್ಕಿ ಹಚ್ಚಿದೆವು. ಕುಡಿಯಲು ನೀರಿಲ್ಲದ ಊರಲ್ಲಿ ಹೆಂಗಸರು ಮುಸುರೆ ನೀರು ತಂದು ಆ ಗಿಡಗಳಿಗೆ ಹಾಕುತ್ತಾರೆ. ಕೂಲಿ ಕೇಳಿದವರಿಲ್ಲ. ಮೇಲಿನ ಓಣಿ, ಕೆಳಗಿನ ಓಣಿ, ನಮ್ಮ ಮಸೀದಿ ಓಣಿ ಎಲ್ಲ ಒಂದೇ ಸಾಲಿನಲ್ಲಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದೆವು. ಶಾಲೆಯ ಮೇಷ್ಟ್ರು ಬಂದು, ನಮ್ಮ ಹಳ್ಳ ಹಗರಿಗೆ, ಹಗರಿ ತುಂಗಭದ್ರೆಗೆ, ಅಲ್ಲಿಂದ ಸಮುದ್ರಕ್ಕೆ ಹೋಗುತ್ತದೆ, ಇಲ್ಲಿ ಕಾಪಾಡಿದ ನೀರು ಅಲ್ಲಿಯವರೆಗೂ ಪುಣ್ಯ ಎಂದು ಭಾಷಣ ಮಾಡಿದರು. ದುರುಗಮ್ಮ ಕಲ್ಲು ಹಿಡಿದುಕೊಂಡೇ, "ಸಮುದ್ರಕ್ಕ ಹೋಗೋದು ಹೋಗ್ಲಿ ಮಾಸ್ತರ, ನನ್ನ ಕೊಡಕ್ಕ ಬರೋದು ಮೊದ್ಲು ಬರ್ಲಿ" ಎಂದಳು. ಎಷ್ಟೋ ದಿನಗಳ ಮೇಲೆ ಊರು ನಕ್ಕಿದ್ದು ಅವತ್ತೇ.

ಒಡ್ಡು ಕಟ್ಟಿ ಏನು ಫಲ, ಲಾರಿಗಳು ಬರುತ್ತಲೇ ಇದ್ದರೆ? ಅದಕ್ಕೇ ಹಳ್ಳಕ್ಕೆ ಇಳಿಯುವ ದಾರಿಯ ಕೆಳಗೆ ಮನೆಗೊಬ್ಬರಂತೆ ಪಾಳಿಯ ಮೇಲೆ ಕೂರುತ್ತಿದ್ದೇವೆ. ಕೈಯಲ್ಲಿ ಬಡಿಗೆ ಇಲ್ಲ, ಬೈಗುಳವಿಲ್ಲ, ದಾರಿಗೆ ಅಡ್ಡ ಕೂರುವುದು ಅಷ್ಟೇ. ಬಂದ ಲಾರಿಗಳು ಹಾರನ್ ಹೊಡೆದು ಹೊಡೆದು ಹಿಂದಕ್ಕೆ ಹೋದವು. ಆಮೇಲೆ ನಿಮ್ಮ ಸಾಹುಕಾರರ ಕಡೆಯವನೊಬ್ಬ ಜೀಪಿನಲ್ಲಿ ಬಂದ. ಇಳಿಯಲೂ ಇಲ್ಲ, ಕುಳಿತಲ್ಲಿಂದಲೇ, "ಮುಂದಿನ ವಾರ ಸೋಮವಾರ ನಿಮ್ಮೂರ ಹುಡುಗನ ಕೈಯಾಗ ಲಾರಿ ಕೊಟ್ಟು ಕಳಿಸ್ತೀವಿ. ಅವಾಗ ಅಡ್ಡ ಕುಂದರ್ರಿ, ನೋಡೂಣು" ಎಂದು ಹೇಳಿ ಹೋದ. ಈ ಊರಿನಿಂದ ಲಾರಿ ಓಡಿಸುವವನು ನೀನೊಬ್ಬನೇ. ಎಲ್ಲರೂ ನನ್ನ ಮುಖ ನೋಡಿ, ನೋಡಿದ್ದು ತಪ್ಪಾಯಿತು ಎಂಬಂತೆ ನೆಲ ನೋಡಿದರು. ಮರುದಿನವೇ ನಿನ್ನ ಕಾಗದ ಬಂತು. ನಿನಗೆ ಅವರು ಏನನ್ನೂ ಹೇಳಿಲ್ಲ ಎಂದು ನನಗೆ ಗೊತ್ತು. ನನ್ನ ಮಗನ ಖುಷಿಯನ್ನೇ ನಮ್ಮ ಮೇಲೆ ಹೂಡಿದ್ದಾರೆ, ಅದಕ್ಕೇ ನನಗೆ ಸಿಟ್ಟು.

ಜಂಬಣ್ಣ ಒಳ್ಳೆಯವನು. "ಸೋಮವಾರ ನೀವು ಮನ್ಯಾಗ ಇರ್ರಿ ಸಾಬರ, ನಾವು ಕುಂದರ್ತೀವಿ" ಎಂದ. ದುರುಗಮ್ಮನೂ, "ಹೆತ್ತ ಕರಳು ಅದು, ಅವರನ್ನ ಕೇಳಬ್ಯಾಡ್ರೀ" ಎಂದು ಎಲ್ಲರನ್ನೂ ಗದರಿದಳು. ಯೋಚಿಸಿ ಹೇಳಿ ಕಳಿಸುತ್ತೇನೆ ಎಂದು ನಾನು ಎದ್ದು ಮನೆಗೆ ಬಂದೆ.

ಮಗಾ, ಕೊಟ್ಟೂರಿನ ನಮ್ಮ ಗ್ಯಾರೇಜು ನೆನಪಾಗುತ್ತಿದೆ. ಅಲ್ಲಿ ನನ್ನದೊಂದು ಕಟ್ಟಳೆ ಇತ್ತಲ್ಲ, ಬ್ರೇಕ್ ರಿಪೇರಿ ಮಾಡಿದವನು ಪರೀಕ್ಷೆಯ ಹೊತ್ತಿಗೆ ಲಾರಿಯ ಮುಂದೆ ನಿಲ್ಲಬೇಕು. ನೀನು ಮೊದಲ ಸಲ ಬ್ರೇಕ್ ಬಿಗಿದಾಗ ನಾನೇ ಲಾರಿ ಹತ್ತಿ ಇಳಿಜಾರಿನಲ್ಲಿ ಬಿಟ್ಟೆ. ನೀನು ಕೆಳಗೆ ಕಣ್ಣು ಮುಚ್ಚಿ ನಿಂತಿದ್ದೆ, ಓಡಲಿಲ್ಲ. ಲಾರಿ ನಿಂತಿತು. ನಿನ್ನ ಅಮ್ಮನಿಗೆ ಗೊತ್ತಾಗಿ ಅವತ್ತು ನನಗೆ ರೊಟ್ಟಿ ಹಾಕಲಿಲ್ಲ, ಅದು ಬೇರೆ ಮಾತು. ಆ ದಿನದಿಂದ ನೀನು ಬಿಗಿದ ಬೋಲ್ಟು ಸಡಿಲವಾದದ್ದನ್ನು ನಾನು ಕಂಡಿಲ್ಲ.

ನೌಕರಿ ಬಿಡು ಎಂದು ನಾನು ಹೇಳಲಾರೆ. ಲಾರಿ ಒಯ್ಯುವುದಿಲ್ಲ ಎಂದರೆ ಸಾಹುಕಾರರು ನಿನ್ನನ್ನು ಮನೆಗೆ ಕಳಿಸುತ್ತಾರೆ. ಮನೆ ಬಾಡಿಗೆ, ಕೂಸಿನ ಹಾಲು ಎಲ್ಲ ನಿನ್ನ ಸ್ಟೇರಿಂಗಿನ ಮೇಲೇ ನಿಂತಿವೆ. ಆದರೆ ಒಯ್ದರೆ, ಈ ಊರಲ್ಲಿ ನಿನಗೆ ಕುಡಿಯಲು ಕೊಡುವ ಪ್ರತಿ ಲೋಟ ನೀರೂ ಯಾರೋ ದೂರದಿಂದ ಹೊತ್ತು ತಂದದ್ದಾಗಿರುತ್ತದೆ. ಎರಡೂ ನಿನಗೆ ತಿಳಿದಿರಲಿ. ನೀನು ಏನು ಮಾಡಿದರೂ ನನ್ನ ಮಗನೇ, ಮನೆಯ ಬಾಗಿಲು ತೆರೆದೇ ಇರುತ್ತದೆ. ಹಾಗೆಂದು ನನ್ನ ಎದೆ ಹಗುರವಾಗಿದೆ ಎಂದು ತಿಳಿಯಬೇಡ. ನನಗೆ ಹೆದರಿಕೆಯಾಗುತ್ತಿದೆ.

ಹಮೀದಾಗೆ ನನ್ನ ದುವಾ ಹೇಳು, ಈ ಕಾಗದವನ್ನು ಅವಳಿಗೂ ಓದಿ ಹೇಳು, ಅವಳು ನಿನಗಿಂತ ಜಾಣೆ. ಕೂಸಿನ ಹಣೆಗೆ ನನ್ನ ಮುತ್ತು. ಅಲ್ಲಾಹ್ ನಿಮ್ಮೆಲ್ಲರನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಬ್ಬಾ,
ಇಸಾಕಸಾಬ

ತಾ.ಕ. ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಎಡಗಡೆ ಚಕ್ರದ ಬ್ರೇಕನ್ನು ಸೋಮವಾರಕ್ಕೆ ಮೊದಲೇ ಬಿಚ್ಚಿ ನೋಡು, ಬೇರೆಯವರ ಕೈಗೆ ಕೊಡಬೇಡ, ನೀನೇ ಬಿಗಿ. ಹಳ್ಳಕ್ಕೆ ಇಳಿಯುವ ದಾರಿ ಮೊದಲಿಗಿಂತ ಕಡಿದಾಗಿದೆ. ಈಗಷ್ಟೇ ಜಂಬಣ್ಣನಿಗೆ ಹೇಳಿ ಕಳಿಸಿದೆ, ಸೋಮವಾರದ ಪಾಳಿ ನನ್ನದು, ಎಲ್ಲರಿಗಿಂತ ಮುಂದೆ. ಲಾರಿ ಓಡಿಸಲು, ಬ್ರೇಕ್ ಬಿಗಿಯಲು ನಿನಗೆ ಕಲಿಸಿದವನು ನಾನು. ನಮ್ಮ ಗ್ಯಾರೇಜಿನ ಕಟ್ಟಳೆಯಂತೆ ಮುಂದೆ ನಿಲ್ಲಬೇಕಾದವನೂ ನಾನೇ. ನಾನು ಕಣ್ಣು ಮುಚ್ಚುವುದಿಲ್ಲ.