ಮೂರು ಬೆರಳಿನ ಅಳತೆ

ಕಟಕೋಳ,
೧೮-೭-೨೦೦೨

ಪ್ರೀತಿಯ ಗೆಳೆಯ ಸಿದ್ಧಾರೂಢನಿಗೆ ಕಲ್ಮೇಶನ ನಮಸ್ಕಾರ.

ಪತ್ರ ಬರೆಯಲು ಎರಡು ವಾರ ತಡಮಾಡಿದೆ, ಕ್ಷಮಿಸು. ಮೀರಜಿನ ಆಸ್ಪತ್ರೆಗೂ ಬಂದಿದ್ದೆ. ವಾರ್ಡಿನ ಬಾಗಿಲಲ್ಲಿ ನಿಂತು, ನಿಮ್ಮಪ್ಪನ ಬಲಗೈಗೆ ಸುತ್ತಿದ ಬಟ್ಟೆ ನೋಡಿ ಹಾಗೆಯೇ ತಿರುಗಿ ಬಸ್ಸು ಹತ್ತಿದೆ. ಹೇಡಿ ಅಂತ ಬೈದುಕೋ. ತೋರುಬೆರಳಿನ ಗಾಯ ಮಾಗಿಲ್ಲ, ಅದಕ್ಕೇ ಅಕ್ಷರ ಸೊಟ್ಟಗಾಗಿವೆ. ನಿನ್ನ ಮುಂದೆ ಬೆರಳಿನ ನೋವು ಹೇಳಿಕೊಳ್ಳಲು ನಾಚಿಕೆಯಾಗಬೇಕು ನನಗೆ. ಆಗಿದೆ.

ನನ್ನಣ್ಣ ವೀರಪ್ಪ, ನಿಮ್ಮಪ್ಪ ಮಹಾಂತಪ್ಪ ಕಾಕಾನ ಕೈ ಮುರಿದದ್ದು ನಿನಗೆ ಗೊತ್ತು. ಕಾಕಾನ ಪುಡಿ ತಿಂದೇ ನಮ್ಮಪ್ಪ ಸಂಗಪ್ಪ ಸತ್ತ ಎಂದು ಊರು ಹೇಳುವುದೂ ಗೊತ್ತು. ಪೊಲೀಸರು ನಿಮ್ಮಪ್ಪನ ಮೇಲೂ ಕೇಸು ಹಾಕಿದ್ದಾರೆ. ನಿಜ ಏನೆಂದು ನನಗೊಬ್ಬನಿಗೇ ಗೊತ್ತು, ಕೇಳು.

ಮಧುನಾಶಿನಿ ಎಲೆ, ಹೊನ್ನೆ ತೊಗಟೆ ಕುಟ್ಟಿದ ಆ ಪುಡಿಯನ್ನು ಕಾಕಾ ಮೂವತ್ತು ವರ್ಷ ಯಾರ ಮನೆಗೂ ಕಳಿಸಿದವನಲ್ಲ. ಸಕ್ಕರೆ ರೋಗದವರು ಬೆಳಿಗ್ಗೆ ಬಂದು ಅಂಗೈ ಚಾಚಬೇಕು. ಉಂಡಿದ್ದಾರೋ ಇಲ್ಲವೋ ಕೇಳಿ, ಮುಖ ನೋಡಿ, ಮೂರು ಬೆರಳಲ್ಲಿ ಎತ್ತಿ ಹಾಕುತ್ತಿದ್ದ. ಫಾರ್ಮಸಿ ಕಾಲೇಜಿನ ಮೇಷ್ಟ್ರಾದ ನನಗೆ ಆ ಚಿಟಿಕೆ ಸಾಲಲಿಲ್ಲ. ಇಲಿಗಳ ಮೇಲೆ ಪರೀಕ್ಷೆ ಮುಗಿಸಿ, ನಲವತ್ತು ಜನರ ಮೇಲೆ ನೋಡೋಣ, ತೂಕ ಮಾಡಿ ದಿನಕ್ಕೊಂದರಂತೆ ವಾರಕ್ಕೆ ಏಳು ಪೊಟ್ಟಣ ಕಟ್ಟು ಎಂದೆ.

"ಬ್ಯಾಡೋ ಕಲ್ಮೇಶಾ. ಇದು ಮಾರಿ ನೋಡಿ ಕೊಡೂದು. ಮನಿಗೆ ಕಳಿಸಿದ್ರ ಯಾರ ಎಷ್ಟ ನುಂಗತಾರ ಯಾರಿಗೆ ಗೊತ್ತು?" ಎಂದ ಕಾಕಾ. ವಿಜ್ಞಾನಕ್ಕೆ ಬೆರಳು ಲೆಕ್ಕಕ್ಕೆ ಬರೋದಿಲ್ಲ ಎಂದು ಚುಡಾಯಿಸಿ ಒಪ್ಪಿಸಿದವನು ನಾನು. ಸರಿಯಾದ ಪ್ರಮಾಣದಲ್ಲಿ ನನ್ನ ಇಲಿಗಳ ಸಕ್ಕರೆ ಚೆನ್ನಾಗಿ ಇಳಿದಿತ್ತು. ಐದು ಪಟ್ಟು ಕೊಟ್ಟ ಇಲಿಗಳು ಸೆಟೆದು ಸತ್ತಿದ್ದವು. ಆ ಸಂಗತಿ ನನ್ನ ವಹಿಯಲ್ಲಿತ್ತು, ಪೊಟ್ಟಣ ಒಯ್ದವರಿಗೆ ಹೇಳಿರಲಿಲ್ಲ.

ಗುರುವಾರ ಶಾಲೆಯಲ್ಲಿ ರಕ್ತ ತೆಗೆಯುವುದಿತ್ತು. ಬರಿಹೊಟ್ಟೆಯಲ್ಲಿ ಬರಲು ಹೇಳಿದ್ದೆ. ಸಾಲಿನಲ್ಲಿ ನಿಂತಿದ್ದ ಅಪ್ಪ ಧಡ್ಡನೆ ಬಿದ್ದ. ಹಿಮ್ಮಡಿ ನೆಲಕ್ಕೆ ಬಡಿಯತೊಡಗಿತು, ಬಾಯಲ್ಲಿ ನೊರೆ. ಬೆರಳು ಚುಚ್ಚಿ ನೋಡಿದರೆ, ಎಪ್ಪತ್ತಾದರೂ ಇರಬೇಕಾದ ಸಕ್ಕರೆ ಇಪ್ಪತ್ನಾಲ್ಕು. ಸೆಳೆತ ತುಸು ಇಳಿದಾಗ ಬಾಯಿಗೆ ಹಿಡಿ ಸಕ್ಕರೆ ಸುರಿದೆ. ಮಧುನಾಶಿನಿ ತಿಂದ ನಾಲಿಗೆಗೆ ಸಿಹಿ ಹತ್ತುವುದಿಲ್ಲ. "ಉಸುಕ ಯಾಕ ತುರಕ್ತೀಲೇ ಬಾಯಾಗ" ಎಂದು ನನ್ನ ಮುಖಕ್ಕೇ ಉಗುಳಿದ. ಮತ್ತೆ ಬಿಗಿದ ಹಲ್ಲು ಬಿಡಿಸಲು ಬೆರಳು ಹಾಕಿದೆ, ಎಲುಬು ಕಾಣುವಂತೆ ಕಚ್ಚಿದ. ಜೀಪು ರಾಮದುರ್ಗ ಮುಟ್ಟುವ ಮೊದಲೇ ಹೋಗಿಬಿಟ್ಟ.

ಹೆಣ ಮನೆಗೆ ತಂದಾಗ ಅವನ ದಿಂಬಿನ ಕೆಳಗೆ ಹನ್ನೊಂದು ಖಾಲಿ ಪೊಟ್ಟಣ ಸಿಕ್ಕವು, ಎಲ್ಲ ಆ ವಾರದವೇ, ಜೊತೆಗೆ ಡಾಕ್ಟರು ಕೊಟ್ಟಿದ್ದ ಸಕ್ಕರೆ ಇಳಿಸುವ ಗುಳಿಗೆಯ ಖಾಲಿ ಪಟ್ಟಿ. "ನಿನ್ನೆ ಇಡೀ ದಿನ ನೀರ ಬಿಟ್ಟು ಏನೂ ಮುಟ್ಟಲಿಲ್ಲಪಾ" ಎಂದಳು ಅವ್ವ. ಎಲ್ಲವನ್ನೂ ಬಾಚಿ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ವೀರಪ್ಪ ನಿಮ್ಮ ಮನೆ ಹೊಕ್ಕಿದ್ದ.

ಓಡಿದೆ. ಅವನು ಕಾಕಾನನ್ನು ಕೂದಲು ಹಿಡಿದು ಎಳೆದು ತಂದು, ಪುಡಿ ಕುಟ್ಟುವ ಒಳ್ಳಿನೊಳಗೆ ಅವನ ಬಲಗೈ ತುರುಕಿ, ಹೆಗಲ ಮೇಲೆ ಮೊಣಕಾಲೂರಿ ಕೂತಿದ್ದ. "ಈ ಕೈಲೇ ಕುಟ್ಟೀದಿ ಹೌದಿಲ್ಲೋ?" ಎಂದು ಒನಕೆ ಎತ್ತಿದ. ಒಂದು, ಎರಡು, ಮೂರು. ಎಲುಬು ಮುರಿದದ್ದು ಅಂಗಳದ ಆಚೆಗೂ ಕೇಳಿಸಿತು. "ಸಂಗಪ್ಪ ಎಷ್ಟ ಪೊಟ್ಟಣ ತಗೊಂಡಾನ ಕೇಳ್ರೋ ಮೊದಲ" ಎಂದು ಕಾಕಾ ಒಂದೇ ಸಮನೆ ಕೂಗುತ್ತಿದ್ದ. ಹಸಿರು ಪುಡಿಯಲ್ಲಿ ರಕ್ತ ಕಲಸಿತು. ನಿಮ್ಮವ್ವ ಲಗಮವ್ವ ಕೈಯ ಮೇಲೆ ಬೋರಲು ಬಿದ್ದಳು, ನಾಲ್ಕನೆಯ ಏಟು ಅವಳ ಬೆನ್ನಿಗೆ ಬಿತ್ತು. ಉತ್ತರ ನನ್ನ ಜೇಬಿನಲ್ಲಿತ್ತು. ನಾನು ಬಾಯಿ ಬಿಡಲಿಲ್ಲ.

ಇವತ್ತು ಬಿಟ್ಟೆ. ರಾಮದುರ್ಗದ ಠಾಣೆಗೆ ಹೋಗಿ ಪೊಟ್ಟಣ, ಗುಳಿಗೆ ಪಟ್ಟಿ, ನನ್ನ ವಹಿ ಎಲ್ಲವನ್ನೂ ಕೊಟ್ಟೆ. ಪೊಟ್ಟಣ ಕಟ್ಟಿಸಿದ್ದು ನಾನು, ಕಾಕಾನ ತಪ್ಪಿಲ್ಲ ಎಂದು ಬರೆಸಿ ಸಹಿ ಮಾಡಿದೆ. ಒಳಗೆ ಲಾಕಪ್ಪಿನಲ್ಲಿದ್ದ ವೀರಪ್ಪನಿಗೆ ಕೇಳಿಸಿತು. ರಕ್ತ ಬರುವ ತನಕ ಕಂಬಿಗೆ ಹಣೆ ಚಚ್ಚಿಕೊಂಡ. ಕೆಲಸ ಹೋದರೆ ಹೋಗಲಿ, ಕಾಕಾನ ಮೇಲಿನ ಕೇಸು ಹೋಗಬೇಕು.

ಕಾಕಾ, ಕಾಕಿಗೆ ನನ್ನ ಸಾಷ್ಟಾಂಗ. ನಿನ್ನ ಮಗಳು ಶಿವಾನಿಗೆ ನೂರು ವರ್ಷ ಆಯುಷ್ಯವಾಗಲಿ.

ನಿನ್ನ,
ಕಲ್ಮೇಶ

ತಾ.ಕ.: ಒಂದು ಮಾತು ಠಾಣೆಯಲ್ಲಿ ಬರೆಸಲಿಲ್ಲ. ಮಂಗಳವಾರ ಸಂಜೆ ಕಟ್ಟೆಯ ಮೇಲೆ ಕೂತು ಅಪ್ಪ ಕೇಳಿದ: "ಗುರುವಾರ ನಮ್ಮ ಮಹಾಂತಪ್ಪ ಪಾಸಾಗತಾನಿಲ್ಲೋ?" ನಾನು ನಗುತ್ತ, "ಅದು ನಿನ್ನ ಕೈಯಾಗ ಐತೆಪಾ. ನಿನ್ನ ಸಕ್ಕರಿ ಇಳೀಲಿಲ್ಲಂದ್ರ ಅಂವ ಫೇಲು" ಎಂದೆ. ಅಪ್ಪ, "ಫೇಲಾಗಾಕ ಬಿಡಾಂಗಿಲ್ಲ ತಗೋ, ನಾ ಇದ್ದೀನಲ್ಲ" ಎಂದ.